ಪುಟಪುಟಕ್ಕೂ ಸಹಿ

ಕೋರ್ಟ್ ಹತ್ರದ ರೋಡಲ್ಲಿ ನಂದೊಂದು ಡಿಟಿಪಿ ಅಂಗಡಿ ಇದೆ. ಹಾಸನದವರಿಗೆ ಇಂಥ ಸಾಲು ಗೊತ್ತಿರುತ್ತೆ, ಒಂದು ಜೆರಾಕ್ಸ್ ಅಂಗಡಿ, ಒಂದು ನೋಟರಿ ಬೋರ್ಡು, ಒಂದು ಟೀ ಅಂಗಡಿ, ಮತ್ತೆ ಇನ್ನೊಂದು ಜೆರಾಕ್ಸ್ ಅಂಗಡಿ, ಹಿಂಗೇ ಹೋಗ್ತಿರುತ್ತೆ. ನಾನು ಅಲ್ಲಿ ಕೂತು ಹದಿನೈದು ವರ್ಷದ ಮೇಲಾಯ್ತು. ಪಹಣಿ ಪ್ರಿಂಟು, ಆಧಾರ್ ಲ್ಯಾಮಿನೇಷನ್, ಬಾಡಿಗೆ ಕರಾರು, ವಿಭಾಗ ಪತ್ರ, ಡೈವೋರ್ಸ್ ಅರ್ಜಿ, ಅಫಿಡವಿಟ್. ಜನರ ಮನೆ ಜಗಳ ಎಲ್ಲಾ ನನ್ನ ಬೆರಳ ತುದಿಯಿಂದಾನೇ ಹೋಗೋದು. ಟೈಪ್ ಮಾಡ್ತಾ ಮಾಡ್ತಾ ಕಿವಿ ಮುಚ್ಕೊಳೋದು ಕಲಿತಿದೀನಿ, ಇಲ್ಲಾಂದ್ರೆ ರಾತ್ರಿ ಊಟ ಸೇರಲ್ಲ.

ಈ ಬರಹ ಶುರುವಾಗಿದ್ದು ಮಾತ್ರ ಅಂಗಡೀಲಲ್ಲ, ಮನೇಲಿ. ನನ್ನ ಮಗಳು ಸೆಕೆಂಡ್ ಪಿಯುಸಿ, ಕೊರಿಯನ್ ಸೀರಿಯಲ್ ಹುಚ್ಚು. ಅವಳ ಕ್ಲಾಸಲ್ಲಿ ಅರ್ಧ ಹುಡುಗೀರು ಹಂಗೇ ಅಂತೆ, ಕನ್ನಡ ಟೀಚರ್‌ಗೆ ನಮಸ್ತೆ ಅನ್ನಲ್ಲ, ಅನ್ಯೊಂಗ್ ಅಂತವೆ. ಒಂದ್ ಭಾನುವಾರ ಆಲೂಗಡ್ಡೆ ಸಿಪ್ಪೆ ತೆಗೀತಾ ನಾನೂ ಪಕ್ಕದಲ್ಲಿ ಕೂತು ನೋಡ್ತಿದ್ದೆ. ಹಳೇ ಸೀರಿಯಲ್ಲು, 2009ರದ್ದು, ಬಾಯ್ಸ್ ಓವರ್ ಫ್ಲವರ್ಸ್ ಅಂತ. ಶ್ರೀಮಂತರ ಮಕ್ಕಳ ಸ್ಕೂಲು, ಅಲ್ಲಿಗೆ ಬರೋ ಒಬ್ಳು ಬಡ ಹುಡುಗಿ, ಅವಳನ್ನ ಆಡ್ಕೊಳೋಕೆ ಅಂತ ಮೂರು ಜನ ಮೇಕಪ್ ಸುಂದರೀರು. ಆ ಮೂರು ಜನದಲ್ಲಿ ಒಬ್ಳನ್ನ ತೋರಿಸಿ ಮಗಳು ಅಂದ್ಲು, "ಅಮ್ಮ, ಈ ಸನ್ನಿ ಪಾತ್ರ ಮಾಡಿದಾಳಲ್ಲ, ಇವ್ಳು ಈ ಸೀರಿಯಲ್ ಮುಗಿಯೋದ್ರೊಳಗೇ ಸತ್ತೋದ್ಲು. ಮರ್ಡರ್ ಅಂತಾರೆ."

ಸಿಪ್ಪೆ ತೆಗೀತಿದ್ದ ಕೈ ನಿಂತೋಯ್ತು. ಸ್ಕ್ರೀನ್ ಮೇಲೆ ಆ ಹುಡುಗಿ ಇನ್ನೂ ನಗ್ತಾನೇ ಇದ್ಲು.

ಜಾಂಗ್ ಜಾ-ಯಾನ್ ಅಂತ ಅವಳ ಹೆಸರು. ಅವತ್ತು ರಾತ್ರಿ ಮಗಳ ಮೊಬೈಲಲ್ಲೇ ಹುಡುಕಿದೆ. ಮೊದಲು ಸಿಕ್ಕಿದ್ದು ನಮ್ಮವರೇ ಮಾಡಿರೋ ಒಂದು ವಿಡಿಯೋ, ಢಣ್ ಢಣ್ ಅಂತ ಮ್ಯೂಸಿಕ್ಕು, ಕೆಂಪು ಅಕ್ಷರದಲ್ಲಿ ನಿಗೂಢ ಸಾವು, ಬೆಚ್ಚಿಬೀಳಿಸೋ ರಹಸ್ಯ, ಕೊನೇವರೆಗೂ ನೋಡಿ. ಕೊನೇವರೆಗೂ ನೋಡ್ದೆ. ಇಪ್ಪತ್ತು ನಿಮಿಷ. ಅವಳು ಹೆಂಗೆ ಸತ್ಲು ಅನ್ನೋದು ಹದಿನೆಂಟು ನಿಮಿಷ ಇತ್ತು, ಅವಳು ಏನು ಬರೆದಿಟ್ಟಿದ್ಲು ಅನ್ನೋದು ಎರಡು ನಿಮಿಷಾನೂ ಇರ್ಲಿಲ್ಲ.

ಆಮೇಲೆ ನಾಲ್ಕೈದು ದಿನ ಮಗಳ ಹತ್ರಾನೇ ಇಂಗ್ಲಿಷ್ ಸುದ್ದಿ ಓದಿಸ್ಕೊಂಡು ಅರ್ಥ ಮಾಡ್ಕೊಂಡೆ. ಹುಟ್ಟಿದ್ದು 1980ರಲ್ಲಿ. 1999ರಲ್ಲಿ ಅಪ್ಪ ಅಮ್ಮ ಇಬ್ರೂ ಕಾರ್ ಆಕ್ಸಿಡೆಂಟಲ್ಲಿ ಹೋದ್ರು. 2006ರಲ್ಲಿ ಒಂದು ಜಾಹೀರಾತಲ್ಲಿ ಮುಖ ತೋರಿಸಿದ್ಲು. ಮೂರು ವರ್ಷ ಕಾದು ಕಾದು, ಕೊನೆಗೆ ಆ ಸೀರಿಯಲಲ್ಲಿ ಮೂರನೇ ಸಾಲಿನ ಪಾತ್ರ, ಜನ ಗುರುತು ಹಿಡಿಯೋ ಮಟ್ಟಕ್ಕೆ ಬರ್ತಿದ್ಲು ಅಷ್ಟೇ. 2009ರ ಮಾರ್ಚ್ 7ಕ್ಕೆ ಕೊರಿಯಾ ರಾಜಧಾನಿ ಸೋಲ್ ಪಕ್ಕದ ಬುಂದಾಂಗ್ ಅನ್ನೋ ಕಡೆ ಅವಳ ಮನೇಲಿ ಹೆಣವಾಗಿ ಸಿಕ್ಕಿದ್ಲು. ನೋಡಿದ್ದು ಅಕ್ಕ. 29 ವರ್ಷ. ಡಿಪ್ರೆಷನ್ ಇತ್ತು, ಆತ್ಮಹತ್ಯೆ ಅಂತ ಪೊಲೀಸರು ಅಂದ್ರು, ಅಲ್ಲಿಗೆ ಮುಗೀತು ಅಂದ್ಕೊಂಡ್ರು.

ಒಂದು ವಾರದೊಳಗೆ ಕಾಗದ ಹೊರಗೆ ಬಂತು. ಕೈಬರಹದ್ದು, ಏಳು ಪುಟ ಅಂತ ಸುದ್ದಿ. ತನ್ನ ಏಜೆನ್ಸಿ ಮಾಲೀಕ ಹೊಡೀತಿದ್ದ, ಬೈತಿದ್ದ, ದೊಡ್ಡ ದೊಡ್ಡವರು ಕೂತಿರೋ ಪಾರ್ಟಿಗಳಿಗೆ ಕರ್ಕೊಂಡು ಹೋಗಿ ಡ್ರಿಂಕ್ಸ್ ಬಗ್ಗಿಸೋಕೆ ಹೇಳ್ತಿದ್ದ, ಅವರ ಜೊತೆ ಮಲಗೋಕೂ ಬಲವಂತ ಮಾಡ್ತಿದ್ದ, ಅಂತ. ಆ ದೊಡ್ಡವರು ಯಾರಪ್ಪಾ ಅಂದ್ರೆ ಟಿವಿ ಪ್ರೋಗ್ರಾಂ ಮಾಡೋರು, ಕಂಪನಿ ಮಾಲೀಕರು, ಪತ್ರಿಕೆ ನಡೆಸೋರು. ಅಂದ್ರೆ ಈ ಸುದ್ದೀನ ಜನಕ್ಕೆ ಹೇಳ್ಬೇಕಾಗಿದ್ದೋರೇ.

ಇಲ್ಲೀವರೆಗೂ ನಾನು ಎಲ್ಲರಂಗೇ ಓದ್ಕೊಂಡು ಹೋಗ್ತಿದ್ದೆ, ಅಯ್ಯೋ ಪಾಪ ಅಂತ. ಆಮೇಲೆ ಒಂದು ಸಾಲು ಬಂತು, ಮಗಳಿಗೆ ಇನ್ನೊಂದ್ಸಲ ಓದು ಅಂದೆ. ಆ ಕಾಗದದಲ್ಲಿ ಅವಳು ಸಹಿ ಹಾಕಿದ್ಲು, ತನ್ನ ಗುರುತಿನ ನಂಬರ್ ಬರೆದಿದ್ಲು, ನಮ್ಮ ಆಧಾರ್ ಇದ್ದಂಗೆ ಅಲ್ಲಿ ಒಂದು ನಂಬರ್ ಇರುತ್ತೆ ಅಂತೆ, ಮತ್ತೆ ಬೆರಳಚ್ಚು ಒತ್ತಿದ್ಲು. ತಾರೀಖು ಫೆಬ್ರವರಿ 28, ಸಾಯೋಕೆ ಒಂದು ವಾರ ಮುಂಚೆ.

ನಾನು ಅಂದೆ, "ಇದು ಡೆತ್ ನೋಟ್ ಅಲ್ಲ ಕಣೆ."

"ಮತ್ತೆ?"

"ಅಫಿಡವಿಟ್."

ನೀವು ಲಾಯರ್ ಆಗಿರ್ಬೇಕಾಗಿಲ್ಲ, ನನ್ನ ಅಂಗಡೀಲಿ ಒಂದು ತಿಂಗಳು ಕೂತ್ರೆ ಸಾಕು ಗೊತ್ತಾಗೋಕೆ. ಸಾಯೋಕೆ ಹೊರಟೋರು ಬರೆಯೋ ಕಾಗದ ನಾನು ನೋಡಿದೀನಿ, ಕೇಸ್ ಫೈಲ್ ಜೆರಾಕ್ಸಿಗೆ ಬಂದಾಗ ಕಣ್ಣಿಗೆ ಬಿದ್ದೇ ಬೀಳ್ತವೆ. ಅಮ್ಮ ಕ್ಷಮಿಸು, ಮಗುನ ನೋಡ್ಕೋ, ಇಂಥೋರೇ ಕಾರಣ, ಹಿಂಗಿರ್ತವೆ. ಯಾವ್ದರಲ್ಲೂ ಆಧಾರ್ ನಂಬರ್ ಇರಲ್ಲ. ಗುರುತಿನ ನಂಬರ್, ಸಹಿ, ಹೆಬ್ಬೆಟ್ಟು ಇದನ್ನೆಲ್ಲಾ ಒಬ್ರು ಯಾವಾಗ ಹಾಕ್ತಾರೆ ಹೇಳಿ, ನಾಳೆ ಯಾವನೋ ಎದ್ದು ಇದು ಇವಳು ಬರೆದಿದ್ದಲ್ಲ ಅಂತಾನೆ ಅನ್ನೋ ಭಯ ಇದ್ದಾಗ. ಅಂದ್ರೆ ನಾಳೆ ಅನ್ನೋದು ಇದೆ, ಆ ನಾಳೆ ನಾನು ಎಲ್ಲೋ ಒಂದ್ ಕಡೆ ನಿಂತು ಇದನ್ನ ಹೇಳ್ಬೇಕು ಅನ್ನೋ ಲೆಕ್ಕಾಚಾರ ಇದ್ದಾಗ. ನಾವು ಕೊನೇಲಿ ಟೈಪ್ ಮಾಡ್ತೀವಲ್ಲ, ಈ ಮೇಲ್ಕಂಡ ವಿಷಯಗಳು ನನ್ನ ತಿಳುವಳಿಕೆಯ ಮಟ್ಟಿಗೆ ಸತ್ಯವಾಗಿರುತ್ತವೆ ಅಂತ, ಆ ಹುಡುಗಿ ಆ ಸಾಲನ್ನ ಬೆರಳಲ್ಲಿ ಒತ್ತಿದಾಳೆ ಅಷ್ಟೇ.

ಕೊರಿಯಾದಲ್ಲೂ ಇದನ್ನ ಹೇಳಿದೋರಿದಾರೆ. ಹಂಗಾಗೇ ಇವತ್ತಿಗೂ ಅಲ್ಲಿ ಜನಕ್ಕೆ ಅವಳ ಸಾವಿನ ಮೇಲೆ ಅನುಮಾನ. ಫೈಟ್ ಮಾಡೋಕೆ ಕಾಗದ ರೆಡಿ ಮಾಡ್ಕೊಂಡೋಳು ಒಂದು ವಾರಕ್ಕೆ ಯಾಕೆ ಸಾಯ್ತಾಳೆ ಅಂತ. ಕೇಳೋದು ತಪ್ಪಲ್ಲ. ಆದ್ರೆ ಕಾಗದ ರೆಡಿ ಮಾಡ್ಕೊಂಡು, ನೋಟರಿ ಮಾಡಿಸ್ಕೊಂಡು, ಎದುರಿಗಿರೋ ಮೆಟ್ಟಿಲು ಹತ್ತೋಕಾಗ್ದೆ ವಾಪಸ್ ಹೋಗೋರನ್ನೂ ನಾನು ನೋಡಿದೀನಿ. ಎರಡೂ ಆಗುತ್ತೆ ಮನುಷ್ಯರಿಗೆ.

ನನಗೆ ಸಂಕಟ ಆಗಿದ್ದು ಬೇರೆ ಕಾರಣಕ್ಕೆ. ಕೊಲೆನಾ ಆತ್ಮಹತ್ಯೆನಾ ಅನ್ನೋದು ಒಂದು ಒಗಟು ಆಗ್ಬಿಡುತ್ತೆ, ಒಗಟು ಅಂದ್ರೆ ಜನಕ್ಕೆ ಖುಷಿ. ನಮ್ಮತ್ತೆ ಇದ್ರು, ಅವರಿಗೆ ಮಿನುಗುತಾರೆ ಕಲ್ಪನಾ ಅಂದ್ರೆ ಪ್ರಾಣ. ಕಲ್ಪನಾ ತೀರ್ಕೊಂಡಿದ್ದು 1979ರಲ್ಲಿ, ಬೆಳಗಾವಿ ಕಡೆ ಗೋಟೂರಿನ ಬಂಗಲೇಲಿ. ನಮ್ಮತ್ತೆ ಹೇಳ್ತಿದ್ದಿದ್ದು ಒಂದೇ, ವಜ್ರದುಂಗುರ ಪುಡಿ ಮಾಡಿ ನುಂಗ್ಬಿಟ್ರಂತೆ ಕಣೆ ಅಂತ. ಆ ಉಂಗುರದ ಕಥೆ ಹಾಸನದ ಎಲ್ಲಾ ಅಡುಗೆಮನೇಲೂ ಗೊತ್ತು. ಆ ಹೆಂಗಸು ಅಷ್ಟು ದೂರ ನಾಟಕ ಆಡೋಕೆ ಯಾಕೆ ಹೋಗ್ಬೇಕಾಗಿತ್ತು, ಕೈಯಲ್ಲಿ ದುಡ್ಡೆಷ್ಟಿತ್ತು, ಯಾರು ಹೆಂಗೆ ನಡೆಸ್ಕೊಂಡ್ರು, ಅದನ್ನ ಕೇಳಿದ್ರೆ ನಮ್ಮತ್ತೆ "ಅದೆಲ್ಲಾ ಯಾರಿಗ್ ಗೊತ್ತು" ಅಂತಿದ್ರು. ಸಾವಿನ ಕಥೆ ರುಚಿಯಾಗಿದ್ದಷ್ಟೂ ಬದುಕಿನ ಕಥೆ ಯಾರಿಗೂ ಬೇಡ.

ಜಾಂಗ್ ಕಥೇಲೂ ಹಂಗೇ ಆಯ್ತು, ಅಲ್ಲಿ ಒಗಟಿಗಿಂತ ದೊಡ್ಡದು ಒಂದಿತ್ತು ಮತ್ತೆ ಅದು ಬಹಿರಂಗವಾಗೇ ಇತ್ತು. ಪೊಲೀಸರು ಅವಳ ಮನೆ ತಪಾಸಣೆ ಮಾಡಿದ್ರಲ್ಲ, ಮಾರ್ಚ್ 14ಕ್ಕೆ, ಅದು ಎಷ್ಟೊತ್ತು ಮಾಡಿದ್ರು ಗೊತ್ತಾ? 57 ನಿಮಿಷ. ಇದು ಹೊರಗೆ ಬಂದಿದ್ದು ಒಂಬತ್ತು ವರ್ಷ ಆದ್ಮೇಲೆ, 2018ರಲ್ಲಿ, ಸರ್ಕಾರ ಹಳೇ ಕೇಸುಗಳನ್ನ ಮತ್ತೆ ನೋಡೋಕೆ ಮಾಡಿದ್ದ ಒಂದು ಸಮಿತಿ ಇದನ್ನ ಕೆದಕಿದಾಗ. 57 ನಿಮಿಷದಲ್ಲಿ ನಾನು ನನ್ನ ಅಂಗಡಿ ಗುಡಿಸಿ ಒರೆಸೋಕೂ ಆಗಲ್ಲ. ಅವಳ ಹ್ಯಾಂಡ್‌ಬ್ಯಾಗು ಸರಿಯಾಗಿ ನೋಡ್ಲಿಲ್ಲ, ಬಟ್ಟೆ ಇಟ್ಟಿದ್ದ ರೂಮು ಸರಿಯಾಗಿ ನೋಡ್ಲಿಲ್ಲ. ಫೋನ್ ಕಾಲ್ ವಿವರದ ಒರಿಜಿನಲ್ ಫೈಲೇ ಕೇಸ್ ರೆಕಾರ್ಡಲ್ಲಿ ಇಲ್ಲ. ನಮ್ಮಲ್ಲಿ ಒಂದು ಸೈಟ್ ಜಗಳಕ್ಕೇ ಮಹಜರು ಮಾಡೋರು ಮಧ್ಯಾಹ್ನ ಪೂರ್ತಿ ತಗೋತಾರೆ, ಟೀ ಕುಡಿಯೋ ಟೈಮ್ ಕಳೆದ್ರೂ.

ಆ ಕಾಗದದ ಗತಿಯೂ ವಿಚಿತ್ರ. ಅದನ್ನ ಇಟ್ಕೊಂಡಿದ್ದ ಹಳೇ ಮ್ಯಾನೇಜರ್ ಒಬ್ಬ, ಅವಳ ಮನೆಯವರನ್ನ ಒಂದು ಬೌದ್ಧ ದೇವಸ್ಥಾನದಲ್ಲಿ ಕರೆಸಿ ಅವರ ಮುಂದೆ ಸುಟ್ಟಾಕ್ದ. ಮನೆಯವರಿಗೂ ಅದು ಇರೋದು ಬೇಡವಾಗಿತ್ತು ಅಂತ ಕಾಣುತ್ತೆ. ನಾನು ಅವರನ್ನ ಬೈಯಲ್ಲ. ಸತ್ತ ಮಗಳ ಹೆಸರು ದಿನಾ ಪೇಪರಲ್ಲಿ ಬರೋದು ಯಾವ ಮನೆಗೆ ಬೇಕು. ಮಾರನೇ ದಿನ ಟಿವಿ ನ್ಯೂಸಲ್ಲಿ ಅರ್ಧ ಸುಟ್ಟ ಹಾಳೆ ತುಂಡು ತೋರಿಸಿದ್ರು, ಅಲ್ಲಿಂದ ದೇಶ ಪೂರ್ತಿ ಹತ್ಕೊಂಡು ಉರೀತು.

ಆಮೇಲೆ? ಆ ವರ್ಷಾನೇ ಕೇಸಾಯ್ತು, ಹತ್ತಿಪ್ಪತ್ತು ಜನರನ್ನ ವಿಚಾರಣೆ ಮಾಡಿದ್ರು, ಕೋರ್ಟಿಗೆ ಹೋಗಿದ್ದು ಏಜೆನ್ಸಿ ಮಾಲೀಕ ಮತ್ತೆ ಆ ಹಳೇ ಮ್ಯಾನೇಜರ್ ಇಬ್ರೇ. ಮಾಲೀಕನ ಮೇಲೆ ನಿಂತಿದ್ದು ಹೊಡೆದ ಕೇಸು, ಅದಕ್ಕೂ ಜೈಲಿಗೆ ಹೋಗದ ಹಾಗೆ ಅಮಾನತ್ತಿನ ಶಿಕ್ಷೆ. ಪಾರ್ಟೀಲಿ ಕೂತಿದ್ದೋರಿಗೆ ಸಾಕ್ಷಿ ಸಾಲದು. 2011ರಲ್ಲಿ ಯಾವನೋ ಜೈಲಲ್ಲಿದ್ದೋನು ಅವಳೇ ನನಗೆ ಬರೆದಿದ್ದು ಅಂತ ಐವತ್ತು ಪತ್ರ ಹೊರಗೆ ಬಿಟ್ಟ, ಒಂದು ಚಾನೆಲ್ಲು ಅದನ್ನ ದೊಡ್ಡದಾಗಿ ಹಾಕ್ತು, ಕೊನೆಗೆ ಅಕ್ಷರ ಪರೀಕ್ಷೆ ಮಾಡಿದ್ರೆ ಅವಳ ಕೈಬರಹವೇ ಅಲ್ಲ. ಇಂಥ ಒಂದು ಸುಳ್ಳು ಬಂದ್ರೆ ಸಾಕು ನೋಡಿ, ಅವತ್ತಿನಿಂದ ನಿಜವಾದ ಏಳು ಪುಟಾನೂ ಜನ ಅನುಮಾನದಿಂದಾನೇ ನೋಡೋದು. 2018ರಲ್ಲಿ ಅಲ್ಲಿ ಮೀ ಟೂ ಎದ್ದಾಗ ಎರಡು ಲಕ್ಷಕ್ಕಿಂತ ಜಾಸ್ತಿ ಜನ ಈ ಕೇಸ್ ತೆಗೀರಿ ಅಂತ ಅಧ್ಯಕ್ಷರ ಕಚೇರಿಗೆ ಸಹಿ ಕಳಿಸಿದ್ರು. 2019ರ ಮಾರ್ಚಲ್ಲಿ ಆಗಿನ ಅಧ್ಯಕ್ಷ ಮೂನ್ ಜೇ-ಇನ್ ಅವರೇ ಕರೆಕ್ಟಾಗಿ ತನಿಖೆ ಮಾಡಿ ಅಂದ್ರು. ಮೇ 20ಕ್ಕೆ ಸಮಿತಿ ಏನು ಹೇಳ್ತು ಅಂದ್ರೆ, ಮೊದಲ ತನಿಖೆ ಸರಿ ಇರ್ಲಿಲ್ಲ ನಿಜ, ಆದ್ರೆ ಕಾಲ ಮೀರಿದೆ, ಸಾಕ್ಷಿ ಉಳಿದಿಲ್ಲ, ಅತ್ಯಾಚಾರದ ಆರೋಪಕ್ಕೆ ಮತ್ತೆ ತನಿಖೆ ಮಾಡಿ ಅಂತ ಹೇಳೋಕಾಗಲ್ಲ. ಪಾರ್ಟೀಲಿ ಕೈ ಹಾಕ್ದ ಅಂತ ಕೇಸಾಗಿದ್ದ ಒಬ್ಬ ಮಾಜಿ ಪತ್ರಕರ್ತನೂ ಖುಲಾಸೆ ಆದ. ಏಜೆನ್ಸಿ ಮಾಲೀಕ ಕೊನೆಗೂ ಜೈಲಿಗೆ ಹೋದ, 2023ರಲ್ಲಿ, ಒಂದೂವರೆ ವರ್ಷ, ಅದೂ ಯಾವ್ದಕ್ಕೆ, ಕೋರ್ಟಲ್ಲಿ ಸುಳ್ಳು ಸಾಕ್ಷಿ ಹೇಳಿದ್ದಕ್ಕೆ. ಅವಳು ಬರೆದಿದ್ದಕ್ಕೆ ಅಲ್ಲ.

ನನ್ನ ಮಗಳು ಅದನ್ನ ಓದಿ ಮುಗಿಸಿ, "ಇಷ್ಟೇನಾ?" ಅಂದ್ಲು. ಇಷ್ಟೇ ಕಣೆ ಅಂದೆ. ಅಲ್ಲ, ಇನ್ನೊಂದೆರಡಿದೆ. ಸಿನಿಮಾ ಟಿವಿಯೋರ ಏಜೆನ್ಸಿ ಕರಾರು ಹಿಂಗೇ ಇರ್ಬೇಕು ಅಂತ ಅಲ್ಲಿನ ಸರ್ಕಾರ 2009ರಲ್ಲೇ ಒಂದು ನಮೂನೆ ಮಾಡ್ತು, ಏಳು ವರ್ಷಕ್ಕಿಂತ ಜಾಸ್ತಿ ಕಟ್ಟಿ ಹಾಕಂಗಿಲ್ಲ ಅಂತ. ಮಾರನೇ ವರ್ಷ ಅಲ್ಲಿನ ಮಾನವ ಹಕ್ಕು ಆಯೋಗ 111 ನಟಿಯರನ್ನ ಮಾತಾಡಿಸ್ತು, ನೂರಕ್ಕೆ 60 ಜನ ನಮಗೂ ಅಂಥ ಒತ್ತಡ ಬಂದಿತ್ತು ಅಂದ್ರು. ಅಂದ್ರೆ ಅವಳು ಬರೆದಿದ್ದು ಅವಳೊಬ್ಬಳ ಕಥೆ ಆಗಿರ್ಲಿಲ್ಲ. ಎಲ್ಲರಿಗೂ ಗೊತ್ತಿತ್ತು, ಬರೆದು ಬೆರಳೊತ್ತಿದೋಳು ಒಬ್ಳು. ಕರಾರಿನ ವಿಷಯ ನನಗೆ ಜಾಸ್ತಿ ತಟ್ತು ಯಾಕಂದ್ರೆ ನಾನು ಕರಾರು ಟೈಪ್ ಮಾಡೋಳು, ಬಿಟ್ಟು ಹೋದ್ರೆ ದಂಡ ಇಷ್ಟು ಅಂತ ಒಂದು ಸಾಲು ಇರುತ್ತಲ್ಲ, ಯಾರೂ ಓದ್ದೇ ಸಹಿ ಹಾಕೋ ಸಾಲು, ಅವಳ ಕರಾರಲ್ಲಿ ಅದು ಅಲ್ಲಿನ ದುಡ್ಡಲ್ಲಿ ಹತ್ತು ಕೋಟಿ ವಾನ್ ಅಂತೆ. ಹೊಸಬಳು, ಅಪ್ಪ ಅಮ್ಮ ಇಲ್ದೋಳು. ಎಲ್ಲಿಂದ ತರ್ತಾಳೆ.

ಈಗ ನಮ್ಮೂರಿನ ವಿಷಯಕ್ಕೆ ಬರ್ತೀನಿ, ಬರ್ಬಾರ್ದು ಅಂತಲೇ ಇಷ್ಟೊತ್ತು ಕೊರಿಯಾ ಕೊರಿಯಾ ಅಂತ ಸುತ್ತುತಿದ್ದೆ.

2024ರ ಏಪ್ರಿಲ್. ಎಂಪಿ ಎಲೆಕ್ಷನ್‌ಗೆ ಇನ್ನು ನಾಲ್ಕೈದು ದಿನ ಇತ್ತು, ಬಿಸಿಲು ಅಂದ್ರೆ ಬಿಸಿಲು. ನಮ್ಮಲ್ಲಿ ಆಗಾಗ ಬರೋ ಒಬ್ಬ ಮನುಷ್ಯ, ಮಧ್ಯ ವಯಸ್ಸು, ಮರ್ಯಾದಸ್ಥನೇ, ಜೇಬಿಂದ ಪೆನ್‌ಡ್ರೈವ್ ತೆಗೆದು "ಅಕ್ಕ ಇದನ್ನ ಇನ್ನೆರಡಕ್ಕೆ ಕಾಪಿ ಮಾಡ್ಕೊಡಿ" ಅಂದ. ದಿನಕ್ಕೆ ಹತ್ತು ಪೆನ್‌ಡ್ರೈವ್ ಬರುತ್ತೆ, ಏನು ಎತ್ತ ಅಂತ ಕೇಳಲ್ಲ. ಹಾಕ್ದೆ. ಫೋಲ್ಡರ್ ತೆಗೆದ ತಕ್ಷಣ ಚಿಕ್ಕ ಚಿಕ್ಕ ಚೌಕ ಚೌಕ ಚಿತ್ರ ಬಂದ್ವು. ಮುಖಗಳು. ಎಲ್ಲಾ ಹೆಂಗಸರು. ಬ್ಲರ್ ಇಲ್ಲ, ಏನಿಲ್ಲ.

ಕಿತ್ತು ಅವನ ಕೈಗೆ ಕೊಟ್ಟು ನಮ್ಮಲ್ಲಿ ಇದೆಲ್ಲಾ ಮಾಡಲ್ಲ ಹೋಗಿ ಅಂದೆ. ಅಷ್ಟು ಹೇಳಿದ್ದನ್ನ ಆಮೇಲೆ ಎಲ್ಲರ ಹತ್ರ ಹೇಳ್ಕೊಂಡು ತಿರುಗಿದೀನಿ, ನಾನು ಕಾಪಿ ಮಾಡ್ಲಿಲ್ಲಪ್ಪ ಅಂತ. ಹೇಳ್ದೇ ಇರೋದು ಒಂದಿದೆ. ಕೀಳೋಕೆ ಮುಂಚೆ ಎರಡೋ ಮೂರೋ ಸೆಕೆಂಡ್ ಇತ್ತಲ್ಲ, ಅಷ್ಟರಲ್ಲಿ ನನ್ನ ಕಣ್ಣು ಆ ಮುಖಗಳ ಮೇಲೆ ಓಡಾಡ್ತು, ಪರಿಚಯದೋರು ಯಾರಾದ್ರೂ ಇದಾರಾ ಅಂತ. ಮಾಡಿದೋನು ಯಾರು ಅಂತ ಹುಡುಕ್ಲಿಲ್ಲ ಕಣ್ಣು. ಮಾಡಿಸ್ಕೊಂಡೋರು ಯಾರು ಅಂತ ಹುಡುಕ್ತು. ಆ ಮನುಷ್ಯ ಪೆನ್‌ಡ್ರೈವ್ ಜೇಬಿಗೆ ಹಾಕ್ಕೊಂಡು ಬೇರೆ ಕಡೆ ಹೋದ. ಅವನಿಗೆ ಅಂಗಡಿಗಳಿಗೇನು ಬರ.

ಮುಂದಿನದು ನಿಮಗೆಲ್ಲಾ ಗೊತ್ತು, ಟಿವೀಲಿ ನೋಡಿದೀರ. ಎಲೆಕ್ಷನ್ ಮುಗಿದ ಬೆನ್ನಲ್ಲೇ ನಮ್ಮ ಆಗಿನ ಎಂಪಿ ಜರ್ಮನಿಗೆ ಹೋದ್ರು, ಸರ್ಕಾರ ಎಸ್‌ಐಟಿ ಮಾಡ್ತು, ಮೇ 30ಕ್ಕೆ ಹಾಸನ ಚಲೋ ಅಂತ ರಾಜ್ಯದ ಮೂಲೆ ಮೂಲೆಯಿಂದ ಜನ ಬಂದು ನಮ್ಮೂರಲ್ಲಿ ಮೆರವಣಿಗೆ ಮಾಡಿದ್ರು, ಅದೇ ರಾತ್ರಿ ಬೆಳಗಾಗೋದ್ರೊಳಗೆ ಬೆಂಗಳೂರು ಏರ್‌ಪೋರ್ಟಲ್ಲಿ ಅರೆಸ್ಟ್ ಆಯ್ತು. ಅವತ್ತಿನ ಮೆರವಣಿಗೆಗೆ ನಾನು ಹೋಗ್ಲಿಲ್ಲ. ಶೆಟರ್ ಅರ್ಧ ಎಳ್ಕೊಂಡು ಒಳಗಿಂದ ಘೋಷಣೆ ಕೇಳ್ತಾ ಕೂತಿದ್ದೆ. ನಮ್ಮನೆಯವರು ಫೋನ್ ಮಾಡಿ "ನಿಂಗ್ಯಾಕೆ, ನಾಳೆ ಇದೇ ಊರಲ್ಲಿ ಬಾಳ್ಬೇಕು" ಅಂದ್ರು. ಸರಿ ಅಂದೆ.

ನೋಡಿ, ಇಷ್ಟು ಬರೆದ್ರೂ ನಾನು ಹೆಸರು ಬರೀಲಿಲ್ಲ. "ಆಗಿನ ಎಂಪಿ" ಅಂದೆ. ಬೇಕು ಅಂತ ಮಾಡಿದ್ದಲ್ಲ, ಕೈ ತಾನಾಗೇ ಹಂಗೆ ಟೈಪ್ ಮಾಡ್ತು, ಈಗ ವಾಪಸ್ ಓದ್ದಾಗ ಗೊತ್ತಾಗಿದ್ದು. ಕೋರ್ಟ್ ತೀರ್ಪು ಕೊಟ್ಟಾಗಿದೆ, ಪೇಪರಲ್ಲಿ ದಪ್ಪಕ್ಷರದಲ್ಲಿ ಬಂದಾಗಿದೆ, ಆದ್ರೂ. ಪ್ರಜ್ವಲ್ ರೇವಣ್ಣ. 2025ರ ಆಗಸ್ಟ್ 1ಕ್ಕೆ ಬೆಂಗಳೂರಿನ ಜನಪ್ರತಿನಿಧಿಗಳ ವಿಶೇಷ ಕೋರ್ಟು, ಮನೆಕೆಲಸ ಮಾಡ್ತಿದ್ದ ಹೆಂಗಸಿನ ಮೇಲೆ ಅತ್ಯಾಚಾರ ಮಾಡಿದ್ದು ಸಾಬೀತಾಗಿದೆ ಅಂತ ಹೇಳ್ತು, ಮಾರನೇ ದಿನ ಜೀವಾವಧಿ ಶಿಕ್ಷೆ ಕೊಡ್ತು. ಮೇಲ್ಮನವಿ ಹಾಕ್ಕೊಂಡಿದಾರೆ, ಬೇರೆ ಕೇಸುಗಳೂ ಇವೆ, ಅದೆಲ್ಲಾ ಕೋರ್ಟ್ ನೋಡ್ಕೊಳುತ್ತೆ. ಬರೆಯೋಕೆ ಎರಡು ನಿಮಿಷ ಕೈ ತಡೀತು ನನಗೆ, ಸಾಲಗಾಮೆ ರೋಡಲ್ಲಿ ಯಾರಾದ್ರೂ ಸಿಕ್ಕಿ "ಏನಮ್ಮ ಬರೀತೀಯಂತೆ" ಅಂದ್ರೆ ಅಂತ. ತೀರ್ಪು ಬಂದ್ಮೇಲೆ, ಎಲ್ಲಾ ಮುಗಿದ್ಮೇಲೆ, ಸಂಬಂಧಾನೇ ಇಲ್ದಿರೋ ನನಗೇ ಹಿಂಗಾದ್ರೆ ಆ ಹೆಂಗಸು ಪೊಲೀಸರ ಮುಂದೆ ಮೊದಲನೇ ಸಲ ಆ ಹೆಸರು ಹೇಳಿದ್ಲಲ್ಲ, ಅವತ್ತು ಅವಳ ಬಾಯಿ ಎಷ್ಟು ಒಣಗಿರ್ಬೇಕು.

ಆ ಕೇಸಲ್ಲಿ ಮುಖ್ಯ ಸಾಕ್ಷಿ ಆಗಿದ್ದು ಒಂದು ಸೀರೆ. ತನಿಖೆಯೋರು ಹುಡುಕಿ ತೆಗೆದ ಹಳೇ ಸೀರೆ, ಅದರಲ್ಲಿ ಡಿಎನ್‌ಎ ಸಿಕ್ತು, ವರ್ಷಗಳಾಗಿದ್ರೂ ಸಿಕ್ತು. 57 ನಿಮಿಷದಲ್ಲಿ ವಾಪಸ್ ಹೋಗಿದ್ರೆ ಸಿಗ್ತಿರ್ಲಿಲ್ಲ. ನಾನು ಇಲ್ಲಿ ಪೊಲೀಸರಿಗೆ ಹಾರ ಹಾಕ್ತಿಲ್ಲ, ಪೆನ್‌ಡ್ರೈವ್ ಬೀದೀಲಿ ಬಿದ್ದಾಗ ಎಷ್ಟು ಮನೆ ಹೆಣ್ಮಕ್ಳು ರಾತ್ರೋರಾತ್ರಿ ಊರು ಬಿಟ್ರು ಅನ್ನೋದೂ ಪೇಪರಲ್ಲಿ ಬಂದಿದೆ. ಆದ್ರೆ ಆ ಒಂದು ಕೇಸಲ್ಲಿ ಮೂರು ಸಂಗತಿ ಇತ್ತು, ಹೇಳಿದೋಳು ಬದುಕಿದ್ಲು, ಬಟ್ಟೆ ಉಳಿದಿತ್ತು, ಯಾರೋ ಅದನ್ನ ಕೂತು ಹುಡುಕಿದ್ರು. ಜಾಂಗ್ ಕೇಸಲ್ಲಿ ಮೂರೂ ಇರ್ಲಿಲ್ಲ.

ನಮ್ಮ ಹಾಸನಾಂಬೆ ಗುಡೀಲಿ ಸೊಸೆ ಕಲ್ಲು ಅಂತ ಇದೆ. ವರ್ಷಕ್ಕೊಂದ್ಸಲ ಬಾಗಿಲು ತೆಗೆದಾಗ ಈಗ ಆ ಕ್ಯೂ, ಆ ವಿಐಪಿ ಪಾಸು, ನೂಕುನುಗ್ಗಲಲ್ಲಿ ಯಾರಿಗೆ ಅದು ಕಾಣುತ್ತೆ, ಕಥೆ ಮಾತ್ರ ಎಲ್ಲರಿಗೂ ಗೊತ್ತು. ದೇವರ ಮುಂದೆ ಕೈ ಮುಗಿದು ನಿಂತಿದ್ದ ಸೊಸೆ ತಲೆಗೆ ಅತ್ತೆ ಬಂದು ಹೊಡೆದ್ಲು, ಸೊಸೆ ನೋವು ತಡೀಲಾರ್ದೆ ಅಮ್ಮಾ ಹಾಸನಾಂಬೆ ಅಂತ ಕೂಗಿದ್ಲು, ದೇವಿ ಕರುಣೆ ಪಟ್ಟು ಅವಳನ್ನ ಕಲ್ಲು ಮಾಡಿ ತನ್ನ ಹತ್ರಾನೇ ಇಟ್ಕೊಂಡ್ಲು. ಆ ಕಲ್ಲು ವರ್ಷಕ್ಕೆ ಒಂದು ಭತ್ತದ ಕಾಳಿನಷ್ಟು ದೇವಿ ಕಡೆ ಸರಿಯುತ್ತಂತೆ, ಪಾದ ಮುಟ್ಟಿದ ದಿನ ಕಲಿಯುಗ ಮುಗಿಯುತ್ತಂತೆ. ಚಿಕ್ಕವಳಿದ್ದಾಗಿಂದ ಕೇಳಿದೀನಿ, ಎಷ್ಟು ಚೆನ್ನಾಗಿದೆ ಅನ್ಕೊಂಡಿದ್ದೆ. ಮಗಳಿಗೆ ಐದಾರು ವರ್ಷ ಇದ್ದಾಗ ಹೇಳಿದ್ರೆ ಅವಳು ಕೇಳಿದ್ಲು, "ಹೊಡೆದ ಅತ್ತೆ ಏನಾದ್ಲು?" ನಾನು ಕೇಳಿದ ಕಥೇಲಿ ಅದಿಲ್ಲ. ಮನೆಗೆ ಹೋಗಿ ಊಟ ಮಾಡಿರ್ತಾಳೆ ಬಿಡು ಅಂದಿದ್ದೆ ಆಗ ತಮಾಷೆಗೆ.

ಇನ್ನೊಂದು ಹೇಳ್ಬೇಕು, ನಿಜ ಹೇಳ್ಬೇಕಂದ್ರೆ ಇದನ್ನ ಹೇಳೋಕೇ ಇಷ್ಟೆಲ್ಲಾ ಬರೆದಿದ್ದು.

ಸುಮಾರು ಎಂಟೊಂಬತ್ತು ವರ್ಷದ ಹಿಂದೆ, ಡಿಸೆಂಬರ್ ಚಳಿ, ಸಂಜೆ ಅಂಗಡಿ ಮುಚ್ಚೋ ಹೊತ್ತಿಗೆ ಒಬ್ಳು ಹುಡುಗಿ ಬಂದ್ಲು. ಇಪ್ಪತ್ಮೂರು ಇಪ್ಪತ್ನಾಲ್ಕು ಇರ್ಬೇಕು. ಯಾವ್ದೋ ಚಿಕ್ಕ ಆಫೀಸಲ್ಲಿ ಕೆಲಸ. ಒಂದು ಕಂಪ್ಲೇಂಟ್ ಟೈಪ್ ಮಾಡ್ಬೇಕು ಅಕ್ಕ ಅಂದ್ಲು. ಅವಳು ಹೇಳ್ತಾ ಹೋದ್ಲು, ನಾನು ನುಡಿ ಅನ್ನೋ ಕನ್ನಡ ಸಾಫ್ಟ್‌ವೇರಲ್ಲಿ ಟೈಪ್ ಮಾಡ್ತಾ ಹೋದೆ. ನಾಲ್ಕು ಪುಟ ಆಯ್ತು. ತಾರೀಖು, ಹೊತ್ತು, ಅವನು ಏನಂದ, ಎಲ್ಲಿ ನಿಂತಿದ್ದ, ಎಲ್ಲಾ ಕರೆಕ್ಟಾಗಿ ಹೇಳಿದ್ಲು, ಅಳ್ಲಿಲ್ಲ. ಮುಗಿಸಿ ಪ್ರಿಂಟ್ ಕೊಟ್ರೆ ಓದಿದ್ಲು. ಆಮೇಲೆ "ಅಕ್ಕ, ಹೆಸರು ತೆಗೀರಿ, ಮೇಲಧಿಕಾರಿ ಅಂತ ಹಾಕಿ" ಅಂದ್ಲು. ಹಾಕ್ದೆ. ಮತ್ತೆ ಓದಿದ್ಲು. "ಇಲ್ಲ, ಹೆಸರೇ ಇರ್ಲಿ" ಅಂದ್ಲು. ಮತ್ತೆ ಹಾಕ್ದೆ. ಪುಟಪುಟಕ್ಕೂ ಸಹಿ ಹಾಕಮ್ಮ ಅಂದೆ, ಹಾಕಿದ್ಲು, ನಾಲ್ಕೂ ಪುಟಕ್ಕೆ, ಒಂದೇ ಥರ ದುಂಡಗೆ.

ಸಹಿ ಹಾಕಿ ಪೆನ್ ಮುಚ್ಚಿ ಕೇಳಿದ್ಲು. "ಅಕ್ಕ, ಇದನ್ನ ಕೊಟ್ರೆ ಏನಾಗುತ್ತೆ?"

ನನಗೆ ಹತ್ತೂ ಕಡೆ ಓಡಾಡೋ ಲಾಯರ್‌ಗಳು ಗೊತ್ತಿದ್ರು, ಯಾರನ್ನಾದ್ರೂ ಕರೀಬೋದಿತ್ತು. ಹತ್ತು ಜನಕ್ಕಿಂತ ಕಮ್ಮಿ ಇರೋ ಆಫೀಸಾದ್ರೆ ಅಥವಾ ಮಾಲೀಕನ ಮೇಲೇ ದೂರಾದ್ರೆ, ಜಿಲ್ಲೇಲಿ ಸ್ಥಳೀಯ ಸಮಿತಿ ಅಂತ ಇರುತ್ತೆ, 2013ರ ಕಾನೂನು, ಮೂರು ತಿಂಗಳೊಳಗೆ ಕೊಡ್ಬೇಕು, ಅದೆಲ್ಲಾ ನನಗೆ ಗೊತ್ತಾಗಿದ್ದು ಎಷ್ಟೋ ವರ್ಷ ಆದ್ಮೇಲೆ, ಅದೂ ಬೇರೆ ಯಾರದ್ದೋ ಅರ್ಜಿ ಟೈಪ್ ಮಾಡ್ತಾ. ಅವತ್ತು ನಾನು ಅಂದಿದ್ದು ಇಷ್ಟು. "ಇನ್ನೂ ಮದುವೆ ಆಗಿಲ್ಲ ನಿಂಗೆ. ಮನೇಲಿ ಕೇಳಿ, ಯೋಚನೆ ಮಾಡಿ ಕೊಡಮ್ಮ."

ಒಳ್ಳೇದಕ್ಕೇ ಹೇಳಿದ್ದು. ಹಂಗಂತ ನನಗೆ ನಾನೇ ಎಷ್ಟು ಸಲ ಹೇಳ್ಕೊಂಡಿದೀನೋ. ಅವಳು ಟೈಪಿಂಗ್ ದುಡ್ಡು ಎಣಿಸಿ ಕೊಟ್ಟು, ಹಾಳೆಗಳನ್ನ ಎರಡಾಗಿ ಮಡಚಿ ಬ್ಯಾಗಿಗೆ ಹಾಕ್ಕೊಂಡು ಥ್ಯಾಂಕ್ಸ್ ಅಕ್ಕ ಅಂತ ಹೋದ್ಲು. ಮತ್ತೆ ಬರ್ಲಿಲ್ಲ. ಕೊಟ್ಲೋ ಇಲ್ವೋ, ಸುಟ್ಟಾಕಿದ್ಲೋ, ಬೀರೂಲಿ ಸೀರೆ ಕೆಳಗೆ ಇಟ್ಕೊಂಡಿದಾಳೋ. ಮಹಾರಾಜ ಪಾರ್ಕ್ ಹತ್ರ ಒಂದ್ಸಲ ಅವಳ ಥರಾನೇ ಒಬ್ಳು ಮಗು ಎತ್ಕೊಂಡು ಹೋಗ್ತಿದ್ಲು, ಕರೀಲಾ ಅನ್ಕೊಂಡೆ, ಕರೆದು ಏನು ಕೇಳೋದು.

ಜಾಂಗ್ ಕಾಗದದ ಸುದ್ದಿ ಓದಿದ ರಾತ್ರಿ ನನಗೆ ನೆನಪಾಗಿದ್ದು ಆ ನಾಲ್ಕು ದುಂಡನೇ ಸಹಿ.

ಹೋದ ತಿಂಗಳು ಅಂಗಡಿ ಕಂಪ್ಯೂಟರ್ ಕೈ ಕೊಡ್ತು, ಹೊಸದು ತಗೊಂಡೆ. ನಮ್ಮ ಹುಡುಗ, ಕೆಲಸಕ್ಕಿರೋನು, ಹಳೇದರಿಂದ ಫೈಲ್ ಎಲ್ಲಾ ಹೊಸದಕ್ಕೆ ಹಾಕ್ತಿದ್ದ. "ಅಕ್ಕ, ಹತ್ತು ವರ್ಷದ ಕಸ ಇದೆ ಇದ್ರಲ್ಲಿ, ಬಾಡಿಗೆ ಕರಾರು ನಮೂನೆ ಬಿಟ್ಟು ಮಿಕ್ಕಿದ್ದೆಲ್ಲಾ ಡಿಲೀಟ್ ಮಾಡ್ಬಿಡ್ಲಾ?" ಅಂದ. ಇರು ಅಂತ ಅವನನ್ನ ಎಬ್ಬಿಸಿ ನಾನೇ ಕೂತೆ. ಹುಡುಕಿದೆ. ಸಿಕ್ತು, "ದೂರು ಹೊಸದು 2" ಅಂತ ನಾನೇ ಕೊಟ್ಟಿದ್ದ ಹೆಸರು. ಅದು ನಂದಲ್ಲ, ಅವಳದ್ದು, ಇಟ್ಕೊಳೋಕೆ ನನಗೇನು ಹಕ್ಕು ಅಂತಾನೂ ಅನ್ಸುತ್ತೆ. ಯಾರ ಕೈಗಾದ್ರೂ ಸಿಕ್ರೆ? ಆ ಪೆನ್‌ಡ್ರೈವ್ ನೋಡಿದ ಮೇಲೆ ಈ ಭಯ ಜಾಸ್ತಿಯಾಗಿದೆ. ಅಳಿಸೋಕೆ ಕೈ ಬರ್ಲಿಲ್ಲ.

ಹೊಸ ಕಂಪ್ಯೂಟರಲ್ಲಿ ತೆರೆದೆ. ನುಡಿ ಇನ್ನೂ ಹಾಕಿರ್ಲಿಲ್ಲ ಹುಡುಗ, ಫಾಂಟ್ ಇಲ್ದೆ ಎಲ್ಲಾ ಕಲಸಿಹೋಗಿತ್ತು, ಬ್ರಾಕೆಟ್ಟು, ಡಾಲರ್ ಗುರುತು, ತಲೆಬುಡ ಇಲ್ದಿರೋ ಇಂಗ್ಲಿಷ್ ಅಕ್ಷರಗಳು, ನಾಲ್ಕು ಪುಟ ಪೂರ್ತಿ. ತಾರೀಖು ಮಾತ್ರ ಓದೋಕೆ ಬರ್ತಿತ್ತು.

"ಏನಕ್ಕ ಅದು, ಕರಪ್ಟ್ ಆಗಿದ್ಯಾ?" ಅಂದ.

"ಇಲ್ಲ, ಸರಿಯಾಗಿದೆ. ನೀನು ಮೊದಲು ನುಡಿ ಹಾಕು" ಅಂದೆ.